ಕಾಲಕೇಯರ ಮಾತು ಮತ್ತು ಯವನ ಪ್ರಹಸನದ ಮಾತು: ಕಲ್ಪಿತ ಭಾಷೆಗಳನ್ನು ಪರಿಶೀಲಿಸುವ ಬಗೆ

1

ಹೈದರಾಬಾದಿನ ಉತ್ತರ ಭಾಗದಲ್ಲಿರುವ ಜೀಡಿಮೆಟ್ಲಾ ಔಷಧ, ರಾಸಾಯನಿಕ ಹಾಗೂ ಯಂತ್ರಭಾಗಗಳ ಕಾರ್ಖಾನೆಗಳಿಗೆ ಹೆಸರಾದ ಕೈಗಾರಿಕಾ ವಸಾಹತು. ಇಲ್ಲಿಯೂ, ಸಮೀಪದ ಶಾಪುರ್‌ನಗರ, ಚಿಂತಲ್ ಮುಂತಾದ ಬಡಾವಣೆಗಳಲ್ಲಿಯೂ ಬೀದರ, ಕಲಬುರಗಿ, ರಾಯಚೂರುಗಳ ಕಡೆಯಿಂದ ದುಡಿಮೆಗಾಗಿ ಬಂದು ನೆಲೆಸಿದ ಕನ್ನಡ ಕುಟುಂಬಗಳಿವೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ದಖನಿ, ಶಾಲೆಯಲ್ಲಿ ತೆಲುಗು ಇಲ್ಲವೆ ಇಂಗ್ಲಿಷು ಎಂಬ ಹಂಚಿಕೆಯಲ್ಲಿ ಇವರ ಮಕ್ಕಳು ಬೆಳೆಯುತ್ತಾರೆ. 2016ರ ಬೇಸಿಗೆ ರಜೆಯಲ್ಲಿ ಈ ಕುಟುಂಬಗಳ ಮನೆಮಾತನ್ನು ಧ್ವನಿಮುದ್ರಿಸಿಕೊಳ್ಳುವ ಉದ್ದೇಶದಿಂದ ನಾವು ಅಲ್ಲಿಗೆ ಹೋಗಿದ್ದಾಗ ಕಂಡ ಒಂದು ಸಣ್ಣ ಸಂಗತಿಯೇ ಪ್ರಸ್ತುತ ಬರಹಕ್ಕೆ ಪ್ರೇರಣೆ.

ಓಣಿಯಲ್ಲಿ ಹತ್ತು ಹನ್ನೆರಡು ಮಕ್ಕಳು ಯುದ್ಧದ ಆಟ ಆಡುತ್ತಿದ್ದರು. ಹಿಂದಿನ ವರ್ಷ ತೆರೆಕಂಡಿದ್ದ ‘ಬಾಹುಬಲಿ’ ಚಲನಚಿತ್ರದ ಕಾಳಗವೇ ಆ ಆಟದ ವಸ್ತು. ಒಂದು ಪಕ್ಷ ಮಾಹಿಷ್ಮತಿಯ ಸೈನ್ಯ, ಇನ್ನೊಂದು ಪಕ್ಷ ಕಾಲಕೇಯರು. ಮಾಹಿಷ್ಮತಿಯವರು ತೆಲುಗಿನಲ್ಲಿ ಆಜ್ಞೆ ಕೊಡುತ್ತಿದ್ದರು. ಕಾಲಕೇಯರ ಪಕ್ಷದಲ್ಲಿ ನಾಲ್ವರು ಕನ್ನಡದ ಮಕ್ಕಳಿದ್ದರು. ಅವರು ನಾಲಗೆಯನ್ನು ಲೊಟಕರಿಸಿ ಸದ್ದು ಮಾಡುತ್ತಿದ್ದರು, ಚಿತ್ರದ ಒಂದೆರಡು ಮಾತುಗಳನ್ನು ಕೂಗುತ್ತಿದ್ದರು. ಅವು ಮುಗಿದೊಡನೆ “ಲಗೂನ ಬಾ, ಇಕಡಿ ಓಡಿ ಬಾ” ಎಂದು ತಮ್ಮ ಮನೆಯ ಕನ್ನಡವನ್ನೇ ಕೂಗುತ್ತಿದ್ದರು. ಎದುರು ಪಕ್ಷದವರಿಗೆ ಇದರಲ್ಲಿ ಯಾವ ವ್ಯತ್ಯಾಸವೂ ತೋರಲಿಲ್ಲ. ಅವರ ಪಾಲಿಗೆ ಅದೆಲ್ಲವೂ ಕಾಲಕೇಯರ ಭಾಷೆಯೇ. ಬಾಗಿಲಲ್ಲಿ ಕುಳಿತು ಇದನ್ನು ನೋಡುತ್ತಿದ್ದ ಒಬ್ಬ ತಾಯಿ ನಮ್ಮ ಕಡೆ ತಿರುಗಿ, “ನಮ್ಮ ಮಾತ ಇವ್ರಿಗಿ ರಾಕ್ಷಸ್ರ ಮಾತ ಆಗ್ಯಾದ್ರೀ” ಎಂದರು. ನಗುತ್ತಲೇ ಹೇಳಿದರಾದರೂ ಅದು ಬರಿಯ ನಗೆಮಾತಾಗಿರಲಿಲ್ಲ.

ಆ ಗಳಿಗೆಯಲ್ಲಿ ನಮಗೆ ನೆನಪಾದದ್ದು ಈಜಿಪ್ಟಿನ ಮರಳಿನಲ್ಲಿ ದೊರೆತ ಒಂದು ಯವನ ಪ್ರಹಸನ. ಅದರಲ್ಲಿಯೂ ಕಡಲತೀರದ ಪರಕೀಯರು ಗ್ರೀಕ್ ಪ್ರೇಕ್ಷಕರಿಗೆ ತಿಳಿಯದ ಮಾತನ್ನಾಡುತ್ತಾರೆ. ಆ ಮಾತು ಕನ್ನಡವೆಂದು ಒಂದು ಶತಮಾನಕ್ಕೂ ಮೇಲ್ಪಟ್ಟು ವಾದ ನಡೆದಿದೆ. ಕಲ್ಪಿತ ಜನಾಂಗವೊಂದಕ್ಕಾಗಿ ಕಟ್ಟಿದ ಭಾಷೆ, ಅರ್ಥವಿಲ್ಲದ ಸದ್ದು, ಬೇರೆಯವರಿಗೆ ಸದ್ದಾಗಿ ಕೇಳಿಸುವ ನಿಜಭಾಷೆ, ಈ ಮೂರನ್ನು ಬೇರ್ಪಡಿಸುವ ಮಾನದಂಡ ಯಾವುದು? ಈ ಪ್ರಶ್ನೆಯನ್ನು ಹೈದರಾಬಾದಿನ ಕಾಲಕೇಯ ಭಾಷೆಯಿಂದ ಆರಂಭಿಸಿ ಯವನ ಪ್ರಹಸನದವರೆಗೆ ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

2

ಎಸ್. ಎಸ್. ರಾಜಮೌಳಿಯವರ ನಿರ್ದೇಶನದ ‘ಬಾಹುಬಲಿ’ಯ ಮೊದಲ ಭಾಗ 2015ರ ಜುಲೈ 10ರಂದು ಬಿಡುಗಡೆಯಾಯಿತು. ತೆಲುಗು ಮತ್ತು ತಮಿಳುಗಳಲ್ಲಿ ಸಿದ್ಧವಾದ ಈ ಚಿತ್ರದ ಬಹುಭಾಗ ಹೈದರಾಬಾದಿನ ಹೊರವಲಯದ ರಾಮೋಜಿ ಫಿಲ್ಮ್ ಸಿಟಿಯಲ್ಲಿ ಚಿತ್ರಿತವಾಯಿತು. ಮಾಹಿಷ್ಮತಿಯ ಮೇಲೆ ದಂಡೆತ್ತಿ ಬರುವ ಕಾಲಕೇಯರೆಂಬ ಜನಾಂಗಕ್ಕಾಗಿ ತಮಿಳು ಗೀತರಚನಕಾರ ಮದನ್ ಕಾರ್ಕಿಯವರು ‘ಕಿಲಿಕಿ’ ಎಂಬ ಭಾಷೆಯನ್ನು ನಿರ್ಮಿಸಿದರು. ಕಾರ್ಕಿಯವರು ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಗಣಕವಿಜ್ಞಾನದಲ್ಲಿ ಸಂಶೋಧನೆ ಮಾಡಿದವರು. ಅವರೇ ಹೇಳಿರುವಂತೆ, ಅಲ್ಲಿದ್ದಾಗ ಮಕ್ಕಳನ್ನು ಆಡಿಸಲೆಂದು ಸುಮಾರು ನೂರು ಪದಗಳ ಆಟದ ಭಾಷೆಯೊಂದನ್ನು ಹೊಸೆದಿದ್ದರು; ನಾಲಗೆಯ ಲೊಟಕು ಸದ್ದನ್ನು ಸೂಚಿಸುವ ‘ಕ್ಲಿಕ್’ ಎಂಬ ಇಂಗ್ಲಿಷ್ ಪದವೇ ಅದರ ಹೆಸರಾಗಿತ್ತು. ಚಿತ್ರಕ್ಕಾಗಿ ಅದನ್ನು ವಿಸ್ತರಿಸಿದಾಗ ಪದಗಳು 750ರಷ್ಟೂ ವ್ಯಾಕರಣದ ಕಟ್ಟಳೆಗಳು 40ರಷ್ಟೂ ಆದವೆಂದು ವರದಿಯಾಗಿದೆ. 2020ರ ಫೆಬ್ರವರಿ 21ರಂದು, ಅಂತರರಾಷ್ಟ್ರೀಯ ಮಾತೃಭಾಷಾ ದಿನದಂದೇ, ಈ ಭಾಷೆಯನ್ನು ಲಿಪಿಸಹಿತವಾಗಿ ಸಾರ್ವಜನಿಕರ ಕಲಿಕೆಗೆ ತೆರೆಯಲಾಯಿತು.

ಕಿಲಿಕಿಯ ರಚನೆಯಲ್ಲಿ ಒಂದು ತತ್ತ್ವ ವಿಶೇಷವಾಗಿ ಗಮನಾರ್ಹ. ಪರಸ್ಪರ ವಿರುದ್ಧವಾದ ಅರ್ಥಗಳನ್ನು ಧ್ವನಿಗಳ ಕ್ರಮವನ್ನು ಹಿಂದುಮುಂದು ಮಾಡಿ ಸೂಚಿಸುವುದು ಅದರ ಕ್ರಮ. ಉತ್ತಮಪುರುಷಕ್ಕೆ ‘ಮಿನ್’, ಮಧ್ಯಮಪುರುಷಕ್ಕೆ ‘ನಿಮ್’. ಇದು ಮಕ್ಕಳ ಆಟದಿಂದ ಬಂದ ಗುಣ. ಒಂದು ಪದವನ್ನು ಕಲಿತವನಿಗೆ ಎರಡು ಪದಗಳು ತಿಳಿದಂತಾಗುತ್ತವೆ. ಇದರೊಡನೆ ನಮ್ಮ ಹಳ್ಳಿಗಳ ಮಕ್ಕಳ ‘ಕ ಭಾಷೆ’ಯನ್ನು ಹೋಲಿಸಿ ನೋಡಬಹುದು. ಪ್ರತಿ ಅಕ್ಷರದ ಹಿಂದೆ ಒಂದು ಕಕಾರವನ್ನು ಸೇರಿಸಿ ‘ನಾನು’ ಎಂಬುದನ್ನು ‘ಕನಾಕನು’ ಎನ್ನುವುದು ಅದರ ಕಟ್ಟಳೆ. ಆದರೆ ಇವೆರಡರ ನಡುವೆ ಮುಖ್ಯವಾದ ಭೇದವಿದೆ. ‘ಕ ಭಾಷೆ’ಯ ಒಳಗೆ ಇರುವುದು ಕನ್ನಡವೇ, ವಿಭಕ್ತಿ, ಆಖ್ಯಾತ, ಪದಕ್ರಮ ಯಾವುದೂ ಬದಲಾಗಿಲ್ಲ, ಮೇಲಣ ಹೊದಿಕೆ ಮಾತ್ರ ಬೇರೆ. ಕಿಲಿಕಿಯಲ್ಲಿ ಪದವೂ ಕಟ್ಟಳೆಯೂ ಹೊಸತಾಗಿ ಗೊತ್ತುಪಡಿಸಿದವು. ಮೊದಲನೆಯದನ್ನು ಮರೆಸಿದ ಭಾಷೆ ಎಂದೂ ಎರಡನೆಯದನ್ನು ಕಟ್ಟಿದ ಭಾಷೆ ಎಂದೂ ನಾವು ಕರೆಯಬಹುದು.

ಕಲ್ಪಿತ ಪರಕೀಯರಿಗಾಗಿ ಭಾಷೆ ಕಟ್ಟುವ ಕೆಲಸ ಪಶ್ಚಿಮದ ಚಲನಚಿತ್ರಗಳಲ್ಲಿ ಇದಕ್ಕಿಂತ ಮೊದಲೇ ಶಾಸ್ತ್ರೀಯ ರೂಪ ಪಡೆದಿತ್ತು. ‘ಸ್ಟಾರ್ ಟ್ರೆಕ್’ ಕಥಾಮಾಲೆಯ ಕ್ಲಿಂಗಾನ್ ಎಂಬ ಅನ್ಯಗ್ರಹವಾಸಿಗಳಿಗಾಗಿ ಭಾಷಾವಿಜ್ಞಾನಿ ಮಾರ್ಕ್ ಓಕ್ರಾಂಡ್ 1984ರ ಚಿತ್ರದ ಹೊತ್ತಿಗೆ ಭಾಷೆಯೊಂದನ್ನು ರೂಪಿಸಿ, 1985ರಲ್ಲಿ ಅದರ ನಿಘಂಟನ್ನೂ ಪ್ರಕಟಿಸಿದರು. ಆ ಭಾಷೆಯ ವಾಕ್ಯದಲ್ಲಿ ಮೊದಲು ಕರ್ಮ, ಆಮೇಲೆ ಕ್ರಿಯೆ, ಕೊನೆಗೆ ಕರ್ತೃ ಬರುತ್ತವೆ. ಲೋಕದ ಭಾಷೆಗಳಲ್ಲಿ ಇದು ತೀರ ವಿರಳವಾದ ಕ್ರಮ. ಇನ್ನೂ ಕುತೂಹಲಕರವಾದದ್ದು ಅದರ ವರ್ಣಮಾಲೆ. ಅದರಲ್ಲಿ ಘೋಷ ಮೂರ್ಧನ್ಯವಾದ ಡಕಾರವಿದೆ. ಆದರೆ ಅದಕ್ಕೆ ಜೋಡಿಯಾದ ಟಕಾರ ಮೂರ್ಧನ್ಯವಲ್ಲ. ಸಹಜ ಭಾಷೆಗಳು ಸಾಮಾನ್ಯವಾಗಿ ತಪ್ಪಿಸುವ ಇಂತಹ ಅಸಮತೆಯನ್ನು ಓಕ್ರಾಂಡ್ ಬೇಕೆಂದೇ ಇರಿಸಿದರು. 2009ರ ‘ಅವತಾರ್’ ಚಿತ್ರದ ನಾವಿ ಜನರಿಗಾಗಿ ಪಾಲ್ ಫ್ರಾಮರ್ ಕಟ್ಟಿದ ಭಾಷೆಯಲ್ಲಿ ಎಣಿಕೆ ಎಂಟರ ಮಾನದಲ್ಲಿ ನಡೆಯುತ್ತದೆ. ರೇಫ ಮತ್ತು ಲಕಾರಗಳು ಸ್ವರದಂತೆ ನಿಂತು ಅಕ್ಷರವನ್ನು ರೂಪಿಸುತ್ತವೆ.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಇಂಗ್ಲಿಷ್ ಕಿವಿಗೆ ಅನ್ಯಲೋಕದ ಸದ್ದಾಗಿ ತೋರಿದ ಮೂರ್ಧನ್ಯ ಡಕಾರ ನಮ್ಮ ಮಕ್ಕಳು ಆಡು, ಓಡು, ಮಾಡು ಎನ್ನುವಾಗ ದಿನಕ್ಕೆ ನೂರು ಸಲ ಉಚ್ಚರಿಸುವ ವರ್ಣ. ಸ್ವರದಂತೆ ನಿಲ್ಲುವ ರೇಫ, ಲಕಾರಗಳಿಗೆ ನಮ್ಮ ಸಾಂಪ್ರದಾಯಿಕ ವರ್ಣಮಾಲೆಯಲ್ಲಿ ಋಕಾರ, ಌಕಾರಗಳೆಂಬ ಸ್ಥಾನವೇ ಉಂಟು. ಕಿಲಿಕಿಯ ಲೊಟಕು ಸದ್ದು ಕೂಡ ದಕ್ಷಿಣ ಆಫ್ರಿಕದ ಜುಲು, ಖೋಸಾ ಭಾಷಿಕರಿಗೆ ಸಾಧಾರಣವಾದ ವ್ಯಂಜನ. ಆದುದರಿಂದ ಕಟ್ಟಿದ ಪರಕೀಯ ಭಾಷೆಯೊಂದು ಪರಕೀಯರ ಕುರಿತು ಏನನ್ನೂ ಹೇಳುವುದಿಲ್ಲ. ಕಟ್ಟಿದವನ ಮತ್ತು ಅವನ ಕೇಳುಗರ ಕಿವಿ ಯಾವುದನ್ನು ತನ್ನದಲ್ಲವೆಂದು ಎಣಿಸುತ್ತದೆ ಎಂಬುದನ್ನು ಹೇಳುತ್ತದೆ. ಮುಂದಿನ ವಿವೇಚನೆಗೆಲ್ಲ ಇದೇ ಆಧಾರ.

3

ಕಾಲಕೇಯರೆಂಬ ಹೆಸರು ಚಿತ್ರದ ಸೃಷ್ಟಿಯಲ್ಲ. ಮಹಾಭಾರತದ ವನಪರ್ವದಲ್ಲಿ ಇವರು ಎರಡು ಕಡೆ ಬರುತ್ತಾರೆ. ಸಮುದ್ರದಲ್ಲಿ ಅಡಗಿದ್ದ ಇವರನ್ನು ಬಯಲಿಗೆ ತರಲು ಅಗಸ್ತ್ಯನು ಕಡಲನ್ನೇ ಕುಡಿದನೆಂಬುದು ಒಂದು ಕಥೆ. ನಿವಾತಕವಚರನ್ನು ಗೆದ್ದ ಅರ್ಜುನನು ಆಕಾಶದಲ್ಲಿ ಸಂಚರಿಸುವ ಹಿರಣ್ಯಪುರವೆಂಬ ನಗರವನ್ನು ಕಂಡು, ಅಲ್ಲಿದ್ದ ಪೌಲೋಮರನ್ನೂ ಕಾಲಕೇಯರನ್ನೂ ಸಂಹರಿಸಿದನೆಂಬುದು ಇನ್ನೊಂದು. ಕುಮಾರವ್ಯಾಸನ ಅರಣ್ಯಪರ್ವದಲ್ಲಿಯೂ ಈ ಪ್ರಸಂಗವಿದೆ. ಗಗನನಗರದ ನಿವಾಸಿಗಳಾದ ಇವರನ್ನು ಇಂದಿನ ಮಾತಿನಲ್ಲಿ ಅನ್ಯಲೋಕದವರೆಂದೇ ಹೇಳಬಹುದು. ಹೀಗಿದ್ದರೂ ನಮ್ಮ ಕವಿಗಳು ಇವರಿಗೆ ಪ್ರತ್ಯೇಕ ಭಾಷೆಯನ್ನು ಕಲ್ಪಿಸಲಿಲ್ಲ. ಕಾವ್ಯದಲ್ಲಿ ದೇವ, ದಾನವ, ಮಾನವರೆಲ್ಲರೂ ಒಂದೇ ಭಾಷೆಯಲ್ಲಿ, ಒಂದೇ ಛಂದಸ್ಸಿನಲ್ಲಿ ಮಾತಾಡುತ್ತಾರೆ. ದಾನವನ ದಾನವತ್ವ ಅವನ ನಡತೆಯಲ್ಲಿದೆ, ಉಚ್ಚಾರದಲ್ಲಿಲ್ಲ.

ಕಾವ್ಯದಿಂದ ಶಾಸ್ತ್ರಕ್ಕೆ ಬಂದರೆ ಚಿತ್ರ ಬೇರೆಯಾಗುತ್ತದೆ. ಶತಪಥ ಬ್ರಾಹ್ಮಣದಲ್ಲಿ ಅಸುರರು ಶತ್ರುಗಳನ್ನು ಸಂಬೋಧಿಸುವಾಗ ಮಾತು ಕೆಟ್ಟು ಸೋತರೆಂಬ ಕಥೆಯಿದೆ; ಪತಂಜಲಿ ಇದನ್ನೇ ಎತ್ತಿಕೊಂಡು, ಮ್ಲೇಚ್ಛರಾಗದಿರಲು ವ್ಯಾಕರಣವನ್ನು ಕಲಿಯಬೇಕೆನ್ನುತ್ತಾನೆ. ‘ಅರಿ’ ಶಬ್ದದ ರೇಫವು ಲಕಾರವಾದದ್ದೇ ಅಲ್ಲಿ ಹೇಳುವ ದೋಷ. ರೇಫ, ಲಕಾರಗಳ ಈ ಬದಲಾವಣೆ ಮಾಗಧಿಯಂತಹ ಪೂರ್ವದೇಶದ ಪ್ರಾಕೃತಗಳ ಸಹಜ ಲಕ್ಷಣ. ಅಂದರೆ ಅಸುರರ ಭಾಷೆಯೆಂದು ಗುರುತಿಸಿದ್ದು ನೆರೆಹೊರೆಯವರ ಉಚ್ಚಾರಣೆಯಂತಹುದನ್ನೇ.

ನಾಟ್ಯಶಾಸ್ತ್ರದ ವಿಧಿಗಳು ನಮಗೆ ಇನ್ನೂ ಹತ್ತಿರದವು. ರಂಗಭಾಷೆಯನ್ನು ಭರತನು ಅತಿಭಾಷೆ, ಆರ್ಯಭಾಷೆ, ಜಾತಿಭಾಷೆ, ಯೋನ್ಯಂತರೀ ಎಂದು ನಾಲ್ಕಾಗಿ ವಿಂಗಡಿಸುತ್ತಾನೆ. ದೇವತೆಗಳಿಗೆ ಮೊದಲನೆಯದು, ಅರಸರಿಗೆ ಎರಡನೆಯದು, ಪಶುಪಕ್ಷಿಗಳಿಗೆ ಕೊನೆಯದು. ಮನುಷ್ಯರಲ್ಲದವರಿಗಾಗಿ ರಂಗದ ಮೇಲೆ ಭಾಷೆಯೊಂದನ್ನು ಕಲ್ಪಿಸಬೇಕೆಂಬ ಅರಿವು ಇಲ್ಲಿ ಸ್ಪಷ್ಟವಾಗಿದೆ. ಆದರೆ ಅದೇ ಪ್ರಕರಣದಲ್ಲಿ ಬರ್ಬರ, ಕಿರಾತ, ಆಂಧ್ರ, ದ್ರಮಿಳ ಮುಂತಾದ ಜನರ ಪಾತ್ರಗಳಿಗೆ ಅವರವರ ಭಾಷೆಯನ್ನು ಬಳಸಬಾರದೆಂದು ವಿಧಿಸಿ, ಶೌರಸೇನಿಯನ್ನು ಬಳಸಬಹುದೆಂದಿದೆ. ತೆಲುಗು, ತಮಿಳುಗಳ ಪೂರ್ವರೂಪಗಳು ರಂಗದಿಂದ ಹೊರಗುಳಿದುದು ಹೀಗೆ. ಹಕ್ಕಿಯ ಮಾತಿಗೆ ರಂಗದಲ್ಲಿ ಎಡೆಯುಂಟು, ದ್ರಮಿಳನ ಮಾತಿಗೆ ಇಲ್ಲ ಎಂಬುದು ವಿಚಾರಮಾಡತಕ್ಕ ಸಂಗತಿ.

ಪೈಶಾಚಿಯ ಇತಿಹಾಸವೂ ಇದೇ ಜಾಡಿನದು. ಸಾತವಾಹನರ ಆಸ್ಥಾನದಲ್ಲಿದ್ದನೆನ್ನಲಾದ ಗುಣಾಢ್ಯನು ಸಂಸ್ಕೃತ, ಪ್ರಾಕೃತ, ದೇಶಿಗಳನ್ನು ತ್ಯಜಿಸಿ ಪಿಶಾಚರ ಭಾಷೆಯಲ್ಲಿ ಬೃಹತ್ಕಥೆಯನ್ನು ರಚಿಸಿದನೆಂಬುದು ಪ್ರಸಿದ್ಧ ಐತಿಹ್ಯ. ದಂಡಿಯು ಇದನ್ನು ಭೂತಭಾಷೆ ಎನ್ನುತ್ತಾನೆ. ಕಲ್ಯಾಣದ ಚಾಳುಕ್ಯ ದೊರೆ ಜಗದೇಕಮಲ್ಲ ಜಯಸಿಂಹನ ಆಶ್ರಯದಲ್ಲಿದ್ದ ದುರ್ಗಸಿಂಹನ ಕನ್ನಡ ಪಂಚತಂತ್ರವು ವಸುಭಾಗಭಟ್ಟನ ಮೂಲಕ ಗುಣಾಢ್ಯನವರೆಗೆ ತನ್ನ ಮೂಲವನ್ನು ಹೇಳಿಕೊಳ್ಳುತ್ತದೆ. ಪಿಶಾಚರಿಗೆ ಭಾಷೆಯೊಂದು ಇತ್ತೆಂಬುದು ಕಥೆ. ಆದರೆ ಪ್ರಾಕೃತ ವೈಯಾಕರಣರು ಈ ಭಾಷೆಗೆ ಸೂತ್ರಗಳನ್ನು ಬರೆದಿದ್ದಾರೆ. ಘೋಷ ವ್ಯಂಜನ ಅಘೋಷವಾಗುವುದು, ಣಕಾರ ನಕಾರವಾಗುವುದು ಅವುಗಳಲ್ಲಿ ಮುಖ್ಯ. ದ್ರಾವಿಡ ಭಾಷಿಕರ ಬಾಯಲ್ಲಿ ಉಚ್ಚಾರ ಬದಲಾದ ಪ್ರಾಕೃತವೇ ಪೈಶಾಚಿಯಾಗಿರಬಹುದೆಂಬ ಊಹೆಯೂ ವಿದ್ವಾಂಸರಲ್ಲಿ ಬಂದಿದೆ. ಕಟ್ಟಳೆಗಳುಳ್ಳ ನಿಜವಾದ ಉಪಭಾಷೆಯೊಂದು ಪಿಶಾಚರ ಹೆಸರಿನಲ್ಲಿ ಉಳಿದುಬಂದಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು.

4

ಇನ್ನು ಯವನ ಪ್ರಹಸನ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಪಪೈರಸ್ ಹಾಳೆಗಳಲ್ಲಿ 413ನೆಯ ಸಂಖ್ಯೆಯದನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು 1903ರಲ್ಲಿ ಪ್ರಕಟಿಸಿದರು. ಹಸ್ತಪ್ರತಿ ಕ್ರಿ.ಶ. ಎರಡನೆಯ ಶತಮಾನದ್ದೆಂದು ಅಕ್ಷರಶೈಲಿಯಿಂದ ನಿರ್ಣಯಿಸಲಾಗಿದೆ. ಹಿಂದೂ ಮಹಾಸಾಗರದ ತೀರದಲ್ಲಿ ಚಂದ್ರದೇವತೆಯ ಗುಡಿಯೊಂದರಲ್ಲಿ ಖಾರಿತಿಯೋನ್ ಎಂಬ ಗ್ರೀಕ್ ಯುವತಿ ಸೆರೆಯಾಗಿದ್ದಾಳೆ. ಅವಳ ಸೋದರನು ಸಂಗಡಿಗರೊಡನೆ ಬರುತ್ತಾನೆ. ಅಲ್ಲಿನ ಅರಸನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯವನ್ನು ಕುಡಿಸಿ, ಅಮಲೇರಿದ ಮೇಲೆ ಅವಳನ್ನು ಬಿಡಿಸಿಕೊಂಡು ಹೋಗುತ್ತಾನೆ. ಯೂರಿಪಿಡೀಸನ ಇಫಿಜೀನಿಯಾ ನಾಟಕದ ಅಣಕವಿದು. ವಿದೂಷಕನ ಅಶ್ಲೀಲ ಚೇಷ್ಟೆಗಳೂ ತಾಳವಾದ್ಯದ ಸೂಚನೆಗಳೂ ಇದರಲ್ಲಿ ಹೇರಳವಾಗಿವೆ. ಇದರಲ್ಲಿನ ಪರಕೀಯರು ಗ್ರೀಕ್ ಅಲ್ಲದ ಮಾತನ್ನು ಆಡುತ್ತಾರೆ. ಆ ಮಾತು ಗ್ರೀಕ್ ಲಿಪಿಯಲ್ಲಿ ಬರೆದಿದೆ.

ಈ ಮಾತುಗಳು ಕನ್ನಡವೆಂದು ಮೊದಲಿಗೆ ಸೂಚಿಸಿದವರು ಶಾಸನತಜ್ಞ ಈ. ಹುಲ್ಶ್, ಅವರ ಲೇಖನ ಜರ್ಮನಿಯಲ್ಲಿ 1904ರಲ್ಲಿ ಹೊರಬಂದಿತು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಾಶಾಸ್ತ್ರಿಗಳು ಈ ಅಭಿಪ್ರಾಯವನ್ನು ಬೆಂಬಲಿಸಿ ಮುಂದುವರಿಸಿದರು. ಎಲ್. ಡಿ. ಬಾರ್ನೆಟ್ 1926ರಲ್ಲಿ ಇದನ್ನು ಸಂದೇಹಿಸಿ ಬರೆದರು. ಘಟನೆ ನಡೆದ ಸ್ಥಳವು ಉದ್ಯಾವರವೆಂದು ಮಂಜೇಶ್ವರದ ಎಂ. ಗೋವಿಂದ ಪೈಯವರೂ, ಮಲ್ಪೆಯ ಬಳಿಯ ವಡಭಾಂಡೇಶ್ವರವೆಂದು ಬಿ. ಎ. ಸಾಲೆತೊರೆಯವರೂ ವಾದಿಸಿದರು. ಆ ಮಾತು ತುಳುವೆಂಬ ಪಕ್ಷವೂ ಆಮೇಲೆ ಹುಟ್ಟಿತು. ಹಲ್ಮಿಡಿ ಶಾಸನದ ಕಾಲವನ್ನು ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರೆಂದು ಒಪ್ಪಲಾಗಿದೆ. ಪಪೈರಸ್ಸಿನ ಮಾತು ಕನ್ನಡವೇ ಆದರೆ ನಮ್ಮ ಭಾಷೆಯ ಲಿಖಿತ ದಾಖಲೆ ಸುಮಾರು ಮೂರು ಶತಮಾನಗಳಷ್ಟು ಹಿಂದಕ್ಕೆ ಹೋಗುತ್ತದೆ. ವಾದಕ್ಕೆ ಇಷ್ಟು ಬಿಸಿಯೇರಲು ಇದೇ ಕಾರಣ.

ಮೂಲದ ಪದಗಳನ್ನು ನೋಡೋಣ. ಮದ್ಯ ಹಂಚುವ ಸಂದರ್ಭದ ಮಾತಿನಲ್ಲಿ ‘ಬೆರೇ’, ‘ಕೊನ್ಜೆಯ್’, ‘ದಮುನ್’, ‘ಪೆತ್ರೆಕಿಯೋ’, ‘ಪಕ್ತೆಯ್’ ಎಂಬ ಧ್ವನಿಗುಚ್ಛಗಳು ಬರುತ್ತವೆ. ಹುಲ್ಶ್ ಇವುಗಳಲ್ಲಿ ಬೇರೆ, ಕೊಂಚ, ಮಧು, ಪಾತ್ರಕ್ಕೆ, ಹಾಕಿ ಎಂಬ ಪದಗಳನ್ನು ಕಂಡರು. ಸಂದರ್ಭಕ್ಕೆ ಅರ್ಥ ಚೆನ್ನಾಗಿ ಕೂಡುತ್ತದೆಂಬುದು ನಿಜ. ಇದರ ಹಿಂದೆಯೇ ಬರುವ ಮಾತಿನಲ್ಲಿ ‘ಬೆರೇ’ ಮತ್ತು ‘ಪೆತ್ರೆಕಿಯೋ’ ಹಾಗೆಯೇ ಪುನರಾವೃತ್ತವಾಗುತ್ತವೆ. ‘ದಮುತ್’, ‘ಕಿನ್ಜೇ’, ‘ಪಕ್ಸೆಯ್’ ಎಂಬ ಸಮೀಪದ ರೂಪಗಳೂ ಕಾಣಿಸುತ್ತವೆ. ಇಷ್ಟು ಪುನರಾವೃತ್ತಿಯುಳ್ಳ ಮಾತನ್ನು ಬಾಯಿಗೆ ಬಂದ ಸದ್ದೆಂದು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಆದರೆ ತೊಡಕುಗಳೂ ಅಷ್ಟೇ ಬಲವಾದವು. ‘ದಮುನ್’ ಎಂಬುದು ‘ಮಧು’ ಆಗಬೇಕಾದರೆ ದಕಾರ ಮಕಾರಗಳನ್ನು ಅದಲುಬದಲು ಮಾಡಬೇಕು. ‘ಪಕ್ತೆಯ್’ ಎಂಬಲ್ಲಿನ ತಕಾರಕ್ಕೆ ಸಮಾಧಾನ ಹೇಳಬೇಕು. ಅದರ ಮೊದಲಲ್ಲಿರುವ ಪಕಾರ ಮಾತ್ರ ಕನ್ನಡ ಪಕ್ಷಕ್ಕೆ ಅನುಕೂಲ. ಕನ್ನಡದಲ್ಲಿ ಪಕಾರ ಹಕಾರವಾದದ್ದು ಬಹಳ ಈಚೆಗೆ, ಸುಮಾರು ಹತ್ತನೆಯ ಶತಮಾನದಿಂದ ಮುಂದೆ. ಇವೆಲ್ಲಕ್ಕಿಂತ ದೊಡ್ಡ ತೊಡಕು ಲಿಪಿಯದು. ಟ, ಡ, ಣ, ಳಗಳಾಗಲಿ ಹಳಗನ್ನಡದ ಱ, ೞಗಳಾಗಲಿ ಗ್ರೀಕ್ ವರ್ಣಮಾಲೆಯಲ್ಲಿಲ್ಲ. ದ್ರಾವಿಡ ಭಾಷೆಯೊಂದನ್ನು ಗುರುತಿಸಲು ನಮಗೆ ಮುಖ್ಯ ಆಧಾರವಾಗಬೇಕಾದ ವರ್ಣಗಳೇ ಬರೆಯುವಾಗ ಅಳಿಸಿಹೋಗುತ್ತವೆ.

ರಂಗದ ಮೇಲಣ ಅನ್ಯಭಾಷೆಗೆ ಪ್ರಾಚೀನ ಯುರೋಪಿನಲ್ಲಿ ಎರಡು ಬಗೆಯ ನಿದರ್ಶನಗಳಿವೆ. ಕ್ರಿ.ಪೂ. 425ರಲ್ಲಿ ಪ್ರಯೋಗಗೊಂಡ ಅರಿಸ್ಟೋಫನೀಸನ ‘ಅಕಾರ್ನಿಯನ್ಸ್’ ನಾಟಕದಲ್ಲಿ ಪಾರಸಿ ರಾಯಭಾರಿ ಆಡುವ ಮಾತು ಪಾರಸಿಯಂತೆ ಕೇಳಿಸುವ ಸದ್ದೆಂದು ಹೆಚ್ಚಿನ ವಿದ್ವಾಂಸರ ಮತ. ಅದಕ್ಕೆ ಪ್ರತಿಯಾಗಿ ರೋಮಿನ ಪ್ಲಾಟಸನ ‘ಪೊಯ್ನುಲುಸ್’ ನಾಟಕದಲ್ಲಿ ಕಾರ್ಥೇಜಿನ ಹನ್ನೋ ಎಂಬವನು ಆಡುವುದು ನಿಜವಾದ ಪ್ಯೂನಿಕ್ ಭಾಷೆ. ಪ್ರತಿಕಾರರ ಕೈಯಲ್ಲಿ ಬಹಳ ಕೆಟ್ಟಿದ್ದರೂ ಆ ಭಾಷೆಯನ್ನು ಬಲ್ಲವರು ಅದನ್ನು ಗುರುತಿಸಿದ್ದಾರೆ. ಹೀಗಾಗಿ ಪ್ರಹಸನದಲ್ಲಿರುವುದೆಂಬ ಕಾರಣಕ್ಕೆ ಸದ್ದೆನ್ನುವುದೂ ಸರಿಯಲ್ಲ. ಒಂದೆರಡು ಪದ ಹೋಲುತ್ತವೆಂಬ ಕಾರಣಕ್ಕೆ ಭಾಷೆಯೆನ್ನುವುದೂ ಸರಿಯಲ್ಲ.

5

ಇಲ್ಲಿ ಹೈದರಾಬಾದಿನ ಕಿಲಿಕಿ ನಮಗೆ ನೆರವಾಗುತ್ತದೆ. ಅದು ಹೇಗೆ ಹುಟ್ಟಿತು, ಯಾರು ಕಟ್ಟಿದರು, ಯಾವ ಕಟ್ಟಳೆಯಿಂದ ಕಟ್ಟಿದರು ಎಂಬುದೆಲ್ಲ ನಮಗೆ ಗೊತ್ತು. ಹೀಗಿದ್ದೂ ಅದರ ಮಧ್ಯಮಪುರುಷ ಸರ್ವನಾಮ ‘ನಿಮ್’. ಕನ್ನಡದಲ್ಲಿ ‘ನೀಂ’ ಎಂಬ ಬಹುವಚನಕ್ಕೆ ವಿಭಕ್ತಿ ಹತ್ತುವಾಗಿನ ಪ್ರಕೃತಿಯೂ ‘ನಿಮ್’ ಎಂದೇ; ನಿಮಗೆ, ನಿಮ್ಮ ಎಂಬ ರೂಪಗಳು ಅದರಿಂದ ಬಂದವು. ಧ್ವನಿಯೂ ಅರ್ಥವೂ ಇಷ್ಟು ಪೂರ್ತಿಯಾಗಿ ಕೂಡುವ ಒಂದು ಪದವೂ 413ನೆಯ ಪಪೈರಸ್ಸಿನಲ್ಲಿ ಇಲ್ಲ. ಆದರೂ ಕಿಲಿಕಿಯ ‘ನಿಮ್’ ಕನ್ನಡದಿಂದ ಬಂದದ್ದಲ್ಲ. ‘ಮಿನ್’ ಎಂಬುದನ್ನು ತಿರುಗಿಸಿದ್ದರಿಂದ ಬಂದದ್ದು.

ಒಂದು ಊಹೆ ಮಾಡಿ ನೋಡೋಣ. ಕಿಲಿಕಿಯ ಹತ್ತು ಸಾಲುಗಳು ಮಾತ್ರ ಹರಿದ ಹಾಳೆಯೊಂದರಲ್ಲಿ ಉಳಿದು, ಸಾವಿರದ ಎಂಟುನೂರು ವರ್ಷಗಳ ಬಳಿಕ ಯಾರಿಗಾದರೂ ಸಿಕ್ಕಿತೆನ್ನಿ. ಕನ್ನಡದ ವಿದ್ವಾಂಸನೊಬ್ಬ ‘ನಿಮ್’ ಎಂಬುದನ್ನು ಹಿಡಿದು ಅದು ಕನ್ನಡವೆಂದು ಸಾಧಿಸುವನು. ತೆಲುಗಿನವನು ‘ಮಿನ್’ ಎಂಬುದರಲ್ಲಿ ‘ಮಿಮ್ಮು’ ಎಂಬ ರೂಪದ ಛಾಯೆ ಕಂಡು, ಅರ್ಥವನ್ನು ಅದಲುಬದಲು ಮಾಡಿ, ತೆಲುಗೆನ್ನುವನು. ಭಾಷೆಯ ಹೆಸರೇ ಕನ್ನಡದ ‘ಕಿಲಿಕಿಲಿ’ ಎಂಬ ಅನುಕರಣ ಶಬ್ದವೆಂದು ಇನ್ನೊಬ್ಬ ಹೇಳುವನು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅನುಕರಣಗಳನ್ನು ಅವ್ಯಯಗಳೊಡನೆ ವಿವೇಚಿಸಿರುವುದನ್ನೂ ಆಧಾರವಾಗಿ ಕೊಡುವನು. ಈ ಮೂರು ವಾದಗಳಲ್ಲಿ ಯಾವುದೂ ಪಾಂಡಿತ್ಯದ ಕೊರತೆಯಿಂದ ಹುಟ್ಟಿದ್ದಲ್ಲ, ಮೂರೂ ತಪ್ಪು. ಧ್ವನಿಗಳನ್ನು ತಿರುಗಿಸಿ ಕಾರ್ಕಿಯವರು ಪದ ಕಟ್ಟಿದರು. ಧ್ವನಿಗಳನ್ನು ತಿರುಗಿಸಿ ಹುಲ್ಶ್ ‘ದಮುನ್’ ಎಂಬುದನ್ನು ‘ಮಧು’ ಎಂದು ಓದಿದರು. ಓದುವ ಉಪಾಯವೂ ಕಟ್ಟುವ ಉಪಾಯವೂ ಒಂದೇ ಆದಾಗ ನಾವು ಓದುತ್ತಿದ್ದೇವೆಯೋ ಕಟ್ಟುತ್ತಿದ್ದೇವೆಯೋ ಎಂದು ನಮ್ಮನ್ನೇ ಕೇಳಿಕೊಳ್ಳಬೇಕಾಗುತ್ತದೆ.

ಇದರಿಂದ ಮೂರು ಪರೀಕ್ಷೆಗಳನ್ನು ಸೂಚಿಸಬಹುದು. ಮೊದಲನೆಯದು ಪುನರಾವೃತ್ತಿಯ ಪರೀಕ್ಷೆ: ಒಂದೇ ಧ್ವನಿಗುಚ್ಛ ಬೇರೆಬೇರೆ ಸ್ಥಾನಗಳಲ್ಲಿ ಮರಳಿ ಬರುತ್ತದೆಯೇ, ಅದರ ಕೊನೆಯ ವ್ಯತ್ಯಾಸಕ್ಕೆ ಕ್ರಮವುಂಟೇ ಎಂದು ನೋಡುವುದು. ಇದರಲ್ಲಿ ಪಪೈರಸ್ಸು ಭಾಗಶಃ ತೇರ್ಗಡೆಯಾಗುತ್ತದೆ. ಆದರೆ ಕಿಲಿಕಿಯೂ ತೇರ್ಗಡೆಯಾಗುವುದರಿಂದ ಈ ಪರೀಕ್ಷೆ ಸದ್ದನ್ನು ಭಾಷೆಯಿಂದ ಬೇರ್ಪಡಿಸೀತು, ಕಟ್ಟಿದ ಭಾಷೆಯನ್ನು ಹುಟ್ಟಿದ ಭಾಷೆಯಿಂದ ಬೇರ್ಪಡಿಸದು. ಎರಡನೆಯದು ತಿದ್ದುಪಡಿಯ ಪರೀಕ್ಷೆ: ಒಂದು ಪದವನ್ನು ಓದಲು ಎಷ್ಟು ಅಕ್ಷರಗಳನ್ನು ಬದಲಿಸಬೇಕು, ಆ ಬದಲಾವಣೆ ಉಳಿದ ಪದಗಳಿಗೂ ಅನ್ವಯಿಸುತ್ತದೆಯೇ ಎಂಬುದು. ಒಂದು ಪದಕ್ಕೆ ಮಾತ್ರ ಸಲ್ಲುವ ಬದಲಾವಣೆ ನಿಯಮವಲ್ಲ, ಅನುಕೂಲ. ಮೂರನೆಯದು ವ್ಯಾಕರಣದ ಪರೀಕ್ಷೆ, ನಿರ್ಣಾಯಕವಾದದ್ದು ಇದೇ. ಪದಗಳು ಎರವಲಾಗಿ ಊರೂರು ತಿರುಗುತ್ತವೆ. ಮಧು, ಪಾತ್ರ ಎಂಬವು ಸಂಸ್ಕೃತದಿಂದ ಬಂದು ಹಲವು ಭಾಷೆಗಳಲ್ಲಿ ಇರತಕ್ಕವು. ಕನ್ನಡವೆಂದು ಸ್ಥಾಪಿಸಬೇಕಾದರೆ ವಿಭಕ್ತಿಪ್ರತ್ಯಯ, ಕೃದ್ವಾಚಿ, ಪುರುಷವಾಚಿಗಳ ಅಂತ್ಯರೂಪಗಳು ಒಂದಕ್ಕಿಂತ ಹೆಚ್ಚು ಪದಗಳಲ್ಲಿ ಒಂದೇ ರೀತಿಯಲ್ಲಿ ಸಿಗಬೇಕು. ‘ಪೆತ್ರೆಕಿಯೋ’ ಎಂಬುದರ ಕೊನೆಯನ್ನು ಚತುರ್ಥಿಯೆನ್ನುವುದಾದರೆ, ಚತುರ್ಥಿ ಬೇಕಾದ ಇನ್ನೊಂದು ಕಡೆಯಲ್ಲಿಯೂ ಅದೇ ಕೊನೆ ಕಾಣಬೇಕು. ಉಳಿದಿರುವ ಮಾತುಗಳಲ್ಲಿ ಅಷ್ಟು ಸಾಕ್ಷ್ಯ ದೊರೆಯುವುದಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಹೀಗಿದೆ. 413ನೆಯ ಪಪೈರಸ್ಸಿನ ಪ್ರಹಸನಕಾರನು, ಅಥವಾ ಅವನಿಗೆ ತಿಳಿಸಿದ ನಾವಿಕನು, ಪಶ್ಚಿಮ ಕರಾವಳಿಯ ಯಾವುದೋ ಭಾಷೆಯ ಮಾತುಗಳನ್ನು ಕೇಳಿರುವುದು ಸಂಭವನೀಯ. ಅಂದಿನ ಸಾಗರವ್ಯಾಪಾರವನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದನ್ನು ಕನ್ನಡದ ಮೊದಲ ದಾಖಲೆಯೆಂದು ನಮ್ಮ ಸಾಹಿತ್ಯಚರಿತ್ರೆಗಳ ಮೊದಲ ಪುಟದಲ್ಲಿ ಬರೆಯಲು ಇರುವ ಆಧಾರ ಸಾಲದು. ಹೊರನಾಡುಗಳಲ್ಲಿ ಕನ್ನಡದ ಪ್ರಾಚೀನತೆಯನ್ನು ಬೋಧಿಸಬೇಕಾದ ನಾವು ಈ ವಿಷಯದಲ್ಲಿ ಎಚ್ಚರ ತಪ್ಪಬಾರದು. ಹಲ್ಮಿಡಿಯ ಕಲ್ಲು ಗಟ್ಟಿಯಾಗಿ ನಿಂತಿರುವಾಗ ಅನುಮಾನದ ಹಾಳೆಯ ಆಸರೆ ಕನ್ನಡಕ್ಕೆ ಬೇಕಾಗಿಲ್ಲ.

6

ಕೊನೆಯದಾಗಿ ಜೀಡಿಮೆಟ್ಲಾದ ಓಣಿಗೆ ಮರಳಬೇಕು. ಪಪೈರಸ್ಸಿನ ವಾದದಲ್ಲಿ ನಮ್ಮ ವಿದ್ವಾಂಸರು ಹೆಮ್ಮೆಯಿಂದ ಮರೆತ ಸಂಗತಿಯೊಂದಿದೆ. ಆ ಮಾತು ಕನ್ನಡವೇ ಆಗಿದ್ದರೂ ಅದು ಅಲ್ಲಿ ಕನ್ನಡವಾಗಿ ಬಂದಿಲ್ಲ. ಕುಡಿದು ತೂರಾಡುವ ಪರಕೀಯರ ನಗೆಪಾಟಲಿನ ಸದ್ದಾಗಿ ಬಂದಿದೆ. ಗ್ರೀಕ್ ಪ್ರೇಕ್ಷಕನಿಗೆ ಅದರ ಅರ್ಥ ಬೇಕಾಗಿರಲಿಲ್ಲ, ಅರ್ಥವಾಗದಿರುವುದೇ ಬೇಕಾಗಿತ್ತು. ಓಣಿಯ ಮಕ್ಕಳ ಆಟದಲ್ಲಿಯೂ ನಡೆದದ್ದು ಇದೇ. ಕಿಲಿಕಿಗೆ ನಿಘಂಟುಂಟು, ಲಿಪಿಯುಂಟು, ಕಲಿಸುವ ಏರ್ಪಾಡೂ ಆಯಿತು. ಅದರ ಪಕ್ಕದಲ್ಲಿ ಕೂಗಿದ “ಇಕಡಿ ಬಾ” ಎಂಬ ಮಾತಿಗೆ ಸಾವಿರದ ಐನೂರು ವರ್ಷಗಳ ಶಾಸನ, ಕಾವ್ಯ, ವ್ಯಾಕರಣಗಳಿದ್ದರೂ ಆ ಓಣಿಯಲ್ಲಿ ಅದು ರಾಕ್ಷಸರ ಸದ್ದಿನ ಲೆಕ್ಕಕ್ಕೆ ಸೇರಿತು.

ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ನಾವು ಪರಿಶೀಲಿಸಿದ ನಿದರ್ಶನಗಳಲ್ಲಿ ಶಾಸ್ತ್ರಕಾರರೂ ಪ್ರಹಸನಕಾರರೂ ಇದನ್ನೇ ಮಾಡಿದ್ದಾರೆ. ಇಷ್ಟನ್ನು ಮಾತ್ರ ಹೇಳಬಯಸುತ್ತೇವೆ. ಆ ದಿನ ನಾವು ಧ್ವನಿಮುದ್ರಿಸಿಕೊಂಡ ಮಾತನ್ನು ಸಂಜೆ ಆ ನಾಲ್ವರು ಮಕ್ಕಳಿಗೆ ಕೇಳಿಸಿದೆವು. ‘ಇಕಡಿ’ ಎಂಬುದು ‘ಈ ಕಡೆ’ ಎಂಬುದರಿಂದ ಬಂದ ರೂಪವೆಂದು ತೋರಿಸಿದೆವು. ಕಾಲಕೇಯರ ಮಾತಿನಂತೆ ತಮ್ಮ ಮಾತಿಗೂ ಕಟ್ಟಳೆಯಿದೆ ಎಂದು ತಿಳಿದಾಗ ಅವರಲ್ಲಿ ಹಿರಿಯ ಹುಡುಗಿ, ಹಾಗಾದರೆ ಇದನ್ನೂ ಬೇರೆಯವರಿಗೆ ಕಲಿಸಬಹುದೇ ಎಂದು ಕೇಳಿದಳು.

ಹೊರನಾಡುಗಳ ವಿಶ್ವವಿದ್ಯಾನಿಲಯಗಳಲ್ಲಿ ಕನ್ನಡದ ಕೆಲಸ ಮಾಡುವವರಿಗೆ ಈ ಪ್ರಶ್ನೆಯಲ್ಲಿ ಎರಡು ಕಾರ್ಯಗಳು ಅಡಗಿವೆ. 413ನೆಯ ಪಪೈರಸ್ಸಿನ ಅನ್ಯಭಾಷೆಯ ಮಾತುಗಳನ್ನು ಮೂಲಾಕ್ಷರಗಳ ಆಧಾರದ ಮೇಲೆ, ಗ್ರೀಕ್ ಬಲ್ಲವರ ನೆರವಿನಿಂದ, ಮೇಲೆ ಹೇಳಿದ ಪರೀಕ್ಷೆಗಳಿಗೆ ಒಡ್ಡಿ ಹೊಸದಾಗಿ ಓದುವುದು ಒಂದು. ತಮ್ಮ ತಮ್ಮ ಊರುಗಳ ದುಡಿಯುವ ಕನ್ನಡ ಕುಟುಂಬಗಳ ಮನೆಮಾತನ್ನು ಅದು ಮರೆಯಾಗುವ ಮೊದಲು ದಾಖಲಿಸಿ, ಅದರ ವ್ಯಾಕರಣವನ್ನು ಬರೆದು, ಆ ಕುಟುಂಬಗಳಿಗೇ ಒಪ್ಪಿಸುವುದು ಇನ್ನೊಂದು. ಮೊದಲನೆಯದಕ್ಕೆ ಇನ್ನಷ್ಟು ಕಾಲ ಕಾಯಬಹುದು. ಎರಡನೆಯದಕ್ಕೆ ಅಷ್ಟು ಕಾಲಾವಕಾಶವಿಲ್ಲ. ಈ ದಿಕ್ಕಿನಲ್ಲಿ ವಿದ್ವಾಂಸರ ಗಮನ ಹರಿದರೆ ನಮ್ಮ ಪ್ರಯತ್ನ ಸಾರ್ಥಕವೆಂದು ಭಾವಿಸುತ್ತೇವೆ.